ಮೈಮೇಲೆ ಮೂಡುವ ಪುರಾಣ

ಗೋಡೆಗೆ ತೂಗುಹಾಕಿದ ಪಟವು ಬೇಸರ ತಂದರೆ ಇಳಿಸಿಡಬಹುದು. ಉಡುಪಿನ ಬಣ್ಣ ಹಳತೆನಿಸಿದರೆ ಬೇರೊಂದನ್ನು ಕೊಳ್ಳಬಹುದು. ಮೈಮೇಲೆ ಹೊಯ್ಯಿಸಿಕೊಂಡ ಹಚ್ಚೆಗೆ ಮಾತ್ರ ಈ ಅನುಕೂಲವಿಲ್ಲ. ಹೊಯ್ದವರ ಕೈ ತಪ್ಪಿದರೂ ಹೊಯ್ಯಿಸಿಕೊಂಡವರ ಮನಸ್ಸು ತಿರುಗಿದರೂ ಅದು ಇದ್ದಲ್ಲಿಯೇ ಇರುತ್ತದೆ. ಒಡವೆ ವಸ್ತ್ರಗಳೆಲ್ಲ ಇಲ್ಲಿಯೇ ಉಳಿದು, ಸತ್ತಾಗ ಜೊತೆಯಲ್ಲಿ ಬರುವುದು ಹಚ್ಚೆಯೊಂದೇ ಎಂದು ಹಳ್ಳಿಯ ಮುದುಕಿಯರು ನಂಬಿದ್ದರು. ಆ ನಂಬಿಕೆಯಲ್ಲಿ ಭಕ್ತಿಯಷ್ಟೇ ಎಚ್ಚರಿಕೆಯೂ ಅಡಗಿತ್ತು.

ಆ ಎಚ್ಚರಿಕೆಯನ್ನು ನೆನೆಯುವ ಕಾಲ ಈಗ ಹೊಸದೊಂದು ರೂಪದಲ್ಲಿ ಬಂದಿದೆ. ಜಪಾನಿನ ಅನಿಮೆ ಚಿತ್ರಗಳನ್ನು ನೋಡಿ ಬೆಳೆದ ತರುಣ ತರುಣಿಯರು, ಟೋಕಿಯೋದಲ್ಲಿರಲಿ, ಪ್ಯಾರಿಸಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ತಮ್ಮ ಮೆಚ್ಚಿನ ಪಾತ್ರವನ್ನು ತೋಳಿನ ಮೇಲೆ ಧರಿಸಲು ಬಯಸುತ್ತಾರೆ. ಒಬ್ಬನಿಗೆ ‘ನರುತೊ’ ಕಥೆಯ ಒಂಬತ್ತು ಬಾಲದ ನರಿ ಬೇಕು. ಇನ್ನೊಬ್ಬಳಿಗೆ ಮಿಯಾಜಾಕಿ ಹಯಾವೊ ಅವರ ೨೦೦೧ರ ‘ಸ್ಪಿರಿಟೆಡ್ ಅವೇ’ ಚಿತ್ರದಲ್ಲಿ ಬರುವ, ನದಿಯ ಅಧಿದೇವತೆಯಾದ ಬಿಳಿಯ ಡ್ರ್ಯಾಗನ್ ಬೇಕು. ಮನೆಯ ಹಿರಿಯರು ಇದನ್ನು ಈಗಿನ ಕಾಲದ ಹೊಸ ಹುಚ್ಚೆಂದು ತಿಳಿದು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಈ ಹುಚ್ಚಿಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದು ಹುಟ್ಟಿದ್ದೂ ಚಿತ್ರಗಳಿಂದ ಕೂಡಿ ಕಂತುಕಂತಾಗಿ ಹೊರಬಂದ ಒಂದು ಕಥೆಯಿಂದಲೇ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಕಥೆಯಿಂದ ಹುಟ್ಟಿದ ಹಚ್ಚೆ

ಚೀನಾದೇಶದಲ್ಲಿ ಅನ್ಯಾಯದ ಅಧಿಕಾರಿಗಳ ವಿರುದ್ಧ ಜೌಗು ನಾಡೊಂದರಲ್ಲಿ ನೆಲೆನಿಂತು ಹೋರಾಡಿದ ೧೦೮ ಮಂದಿ ವೀರರ ಹಳೆಯ ಕಾದಂಬರಿಯೊಂದಿದೆ. ಜಪಾನಿನಲ್ಲಿ ಅದರ ಹೆಸರು ‘ಸುಯಿಕೊದೆನ್’. ೧೮೦೫ರಿಂದ ಬಾಕಿನ್ ಎಂಬ ಜನಪ್ರಿಯ ಲೇಖಕನು ಅದನ್ನು ಜಪಾನೀ ಭಾಷೆಗೆ ತಂದನು. ಹೊಕುಸಾಯಿ ಎಂಬ ಮಹಾಚಿತ್ರಕಾರನು ಅದಕ್ಕೆ ಚಿತ್ರಗಳನ್ನು ಬರೆದನು. ಎದೊ ನಗರದ, ಅಂದರೆ ಇಂದಿನ ಟೋಕಿಯೋದ, ಅಂಗಡಿಕಾರರೂ ಕುಶಲಕರ್ಮಿಗಳೂ ಅದರ ಕಂತುಗಳನ್ನು ಮುಗಿಬಿದ್ದು ಓದಿದರು. ೧೮೨೭ರ ಸುಮಾರಿಗೆ ಉತಾಗಾವಾ ಕುನಿಯೋಶಿ ಎಂಬ, ಆಗ ಮೂವತ್ತರ ಹರೆಯದಲ್ಲಿದ್ದ ಕಲಾವಿದನು ಈ ವೀರರನ್ನು ಒಬ್ಬೊಬ್ಬರಾಗಿ ಬಣ್ಣದ ಮರದಚ್ಚಿನ ಚಿತ್ರಗಳಲ್ಲಿ ಮೂಡಿಸತೊಡಗಿದನು. ಮೂಲ ಕಾದಂಬರಿಯಲ್ಲಿ ಹಚ್ಚೆಯಿದ್ದವರು ಬೆರಳೆಣಿಕೆಯಷ್ಟು ಮಂದಿ. ಮೈಮೇಲೆ ಒಂಬತ್ತು ಡ್ರ್ಯಾಗನ್ನುಗಳನ್ನು ಧರಿಸಿದ ಶಿಶಿನ್, ಬೆನ್ನಿನ ತುಂಬ ಹೂವುಗಳಿದ್ದ ಸನ್ಯಾಸಿ ರೊಚಿಶಿನ್ ಮೊದಲಾದವರು ಅವರು. ಕುನಿಯೋಶಿಯಾದರೋ ಇನ್ನೂ ಹಲವು ವೀರರ ಬೆನ್ನು ತೋಳುಗಳನ್ನು ಸಿಂಹ, ಸರ್ಪ, ಅಲೆ, ಜ್ವಾಲೆಗಳಿಂದ ತುಂಬಿದನು.

ಚಿತ್ರಗಳು ಬಿಸಿಬಿಸಿಯಾಗಿ ಮಾರಾಟವಾದವು. ಸ್ವಲ್ಪ ಕಾಲದಲ್ಲಿಯೇ ಎದೊ ನಗರದ ಬೆಂಕಿ ಆರಿಸುವವರು, ಬಡಗಿಗಳು, ಮೇನೆ ಹೊರುವವರು, ಅಂಚೆಯ ಓಟಗಾರರು ಆ ಚಿತ್ರಗಳನ್ನು ತಮ್ಮ ಮೈಮೇಲೆಯೇ ಬರೆಯಿಸಿಕೊಳ್ಳತೊಡಗಿದರು. ಮರದ ಮನೆಗಳ ಆ ನಗರದಲ್ಲಿ ಬೆಂಕಿಯೇ ನಿತ್ಯಶತ್ರು. ನೀರಿಗೆ ಒಡೆಯನಾದ ಡ್ರ್ಯಾಗನ್ ಬೆನ್ನಿಗಿದ್ದರೆ ಬೆಂಕಿ ಹತ್ತಿರ ಸುಳಿಯದೆಂದು ಅಗ್ನಿಶಾಮಕರು ಭಾವಿಸಿದರು. ಪೂರ್ಣಪ್ರಮಾಣದ ಹಚ್ಚೆಯನ್ನು ‘ಹೊರಿಮೊನೊ’, ಅಂದರೆ ‘ಕೆತ್ತಿದ ವಸ್ತು’, ಎಂದರು. ಹಚ್ಚೆಗಾರನು ‘ಹೊರಿಶಿ’, ಅಂದರೆ ಕೆತ್ತುವವನು, ಆದನು. ಮರದ ಹಲಗೆಯನ್ನು ಕೆತ್ತುವವರ ಮಾತೇ ಚರ್ಮವನ್ನು ಚುಚ್ಚುವವರಿಗೂ ಬಂದಿತು.

‘ನರುತೊ’ ಕಥೆಯು ೧೯೯೯ರಿಂದ ೨೦೧೪ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಚಿತ್ರಕಥೆಯಾಗಿ, ಧಾರಾವಾಹಿಯಾಗಿ ಪ್ರಕಟವಾದುದು. ಅದರ ನಾಯಕನನ್ನು ತೋಳಿನ ಮೇಲೆ ಬಯಸುವ ಇಂದಿನ ಹುಡುಗನೂ ಶಿಶಿನ್‌ನ ಒಂಬತ್ತು ಡ್ರ್ಯಾಗನ್ನುಗಳನ್ನು ಬಯಸಿದ ಅಂದಿನ ಬಡಗಿಯೂ ಒಂದೇ ದಾರಿಯ ಪಯಣಿಗರು. ಆದರೆ ಆ ಬಡಗಿಯ ಪಾಲಿಗೆ ಬಯಕೆಗೂ ಸೂಜಿಗೂ ನಡುವೆ ಒಬ್ಬ ಗುರುವಿದ್ದನು. ಆ ಗುರುವಿನ ಬಳಿ ಒಂದು ವ್ಯಾಕರಣವಿತ್ತು.

ಸೂಜಿಗೆ ಮೊದಲು ಯೋಜನೆ

ಜಪಾನಿನ ಹಳೆಯ ಹಚ್ಚೆಗಾರನು ಮೈಮೇಲೆ ಅಲ್ಲೊಂದು ಇಲ್ಲೊಂದು ಚಿತ್ರವನ್ನು ಅಂಟಿಸುವುದಿಲ್ಲ. ಇಡೀ ಬೆನ್ನು, ಕೆಲವೊಮ್ಮೆ ಕತ್ತಿನಿಂದ ತೊಡೆಯವರೆಗಿನ ಇಡೀ ದೇಹವೇ, ಅವನಿಗೆ ಒಂದು ಪಟ. ಮೊದಲು ಕಥಾನಾಯಕನನ್ನು ಆರಿಸಬೇಕು. ವೀರನೋ ದೇವತೆಯೋ ಪ್ರಾಣಿಯೋ ಅದು ಪಟದ ಕೇಂದ್ರ. ಅನಂತರ ಅದಕ್ಕೆ ಹೊಂದುವ ಹೂವು ಎಲೆಗಳು. ಕೊನೆಗೆ ಎಲ್ಲವನ್ನೂ ಒಂದಾಗಿ ಬೆಸೆಯುವ ಅಲೆ, ಗಾಳಿ, ಮೋಡ, ಬಂಡೆಗಳ ಹಿನ್ನೆಲೆ. ಹೀಗೆ ಹಿನ್ನೆಲೆಯ ಚೌಕಟ್ಟಿನೊಳಗೆ ಕುಳಿತ ಚಿತ್ರಕ್ಕೆ ‘ಗಕುಬೊರಿ’ ಎಂದೂ ಹಿನ್ನೆಲೆಯಿಲ್ಲದ ಒಂಟಿಚಿತ್ರಕ್ಕೆ ‘ನುಕಿಬೊರಿ’ ಎಂದೂ ಹೆಸರು. ಅಂಗಿ ತೊಟ್ಟಾಗ ಹಚ್ಚೆಯ ಸುಳಿವೂ ಹೊರಗೆ ಕಾಣಬಾರದೆಂಬುದು ಹಳಬರ ಮರ್ಯಾದೆ. ಎದೆಯ ನಡುವೆ ಕತ್ತಿನಿಂದ ಹೊಟ್ಟೆಯವರೆಗೆ ಒಂದು ಪಟ್ಟಿಯಷ್ಟು ಚರ್ಮವನ್ನು ಬರಿದಾಗಿ ಬಿಡುವ ‘ಮುನೆವಾರಿ’ ಪದ್ಧತಿಯಲ್ಲಿ ಮೇಲಂಗಿಯ ಎದೆ ತೆರೆದಿದ್ದರೂ ಗುಟ್ಟು ರಟ್ಟಾಗದು.

ಋತುವಿನ ಕಟ್ಟಳೆ ಇನ್ನೂ ಸೂಕ್ಷ್ಮವಾದುದು. ಚೆರ್ರಿ ಹೂವು ವಸಂತದ್ದು. ಮೇಪಲ್ ಮರದ ಕೆಂಪೆಲೆ ಶರತ್ಕಾಲದ್ದು. ಎರಡನ್ನೂ ಒಂದೇ ದೃಶ್ಯದಲ್ಲಿ ಬೆರೆಸಿದರೆ ಬಲ್ಲವರು ನಗುತ್ತಾರೆ. ಮಾವಿನ ಚಿಗುರನ್ನೂ ಮಾಗಿಯ ಮಂಜನ್ನೂ ಒಂದೇ ಪದ್ಯದಲ್ಲಿ ತುರುಕಿದ ಕವಿಯನ್ನು ಕಂಡಂತೆ. ನೀರಿನಲ್ಲಿ ಈಜುವ ಕಾರ್ಪ್ ಮೀನಿಗೆ ತೇಲುವ ಕೆಂಪೆಲೆಗಳು ಜೊತೆ. ಮೃಗರಾಜನಾದ ಸಿಂಹಕ್ಕೆ ಪುಷ್ಪರಾಜನೆನಿಸಿದ ಪಿಯೋನಿ ಹೂವು ಜೊತೆ. ಕಾರ್ಪ್ ಮೀನು ಸಾಮಾನ್ಯವಾಗಿ ಮೇಲ್ಮುಖವಾಗಿ ಈಜುತ್ತದೆ. ಹಳದಿ ನದಿಯ ಪ್ರವಾಹಕ್ಕೆ ಎದುರಾಗಿ ಈಜಿ, ಡ್ರ್ಯಾಗನ್ ದ್ವಾರವೆಂಬ ಜಲಪಾತವನ್ನು ಏರಿದ ಮೀನು ಡ್ರ್ಯಾಗನ್ ಆಗುವುದೆಂಬ ಚೀನೀ ಐತಿಹ್ಯವೇ ಅದರ ಬೆನ್ನೆಲುಬು. ಮೇ ೫ರಂದು ಜಪಾನಿನ ಮನೆಗಳ ಮೇಲೆ ಮಕ್ಕಳಿಗಾಗಿ ಬಟ್ಟೆಯ ಕಾರ್ಪ್ ಮೀನುಗಳನ್ನು ಹಾರಿಸುವುದೂ ಇದೇ ಹಾರೈಕೆಯಿಂದ.

ಯೋಜನೆ ಮುಗಿದ ಮೇಲೆಯೇ ಸೂಜಿಯ ಸರದಿ. ‘ತೆಬೊರಿ’ ಎಂಬ ಕೈಯ ಪದ್ಧತಿಯಲ್ಲಿ ಬಿದಿರು ಅಥವಾ ಲೋಹದ ಕಡ್ಡಿಯ ತುದಿಗೆ ಸೂಜಿಗಳ ಗೊಂಚಲನ್ನು ಕಟ್ಟಿರುತ್ತಾರೆ. ಎಡಗೈಯಿಂದ ಚರ್ಮವನ್ನು ಬಿಗಿಹಿಡಿದು, ಅದೇ ಕೈಯ ಹೆಬ್ಬೆರಳ ಮೇಲೆ ಕಡ್ಡಿಯನ್ನು ಆನಿಸಿ, ಬಲಗೈಯಿಂದ ಲಯಬದ್ಧವಾಗಿ ತಳ್ಳುತ್ತಾರೆ. ಮೊದಲು ಹೊರಗೆರೆ, ಆಮೇಲೆ ಕಪ್ಪಿನ ಛಾಯೆ, ಕೊನೆಗೆ ಬಣ್ಣ. ಮಸಿಯ ಕಪ್ಪು ಚರ್ಮದ ಕೆಳಗೆ ನೀಲಿಗೆ ತಿರುಗಿ ಕಾಣುತ್ತದೆ. ವಾರಕ್ಕೊಮ್ಮೆ ಕುಳಿತರೂ ಬೆನ್ನು ತುಂಬಲು ಬಹಳ ಕಾಲ ಬೇಕು. ಇಡೀ ಮೈಗೆ ಕೆಲವು ವರ್ಷಗಳೇ ಬೇಕು. ಇಂದು ಹೊರಗೆರೆಗೆ ವಿದ್ಯುತ್ ಯಂತ್ರವನ್ನು ಬಳಸಿ ಛಾಯೆಯನ್ನು ಮಾತ್ರ ಕೈಯಿಂದಲೇ ತುಂಬುವ ಗುರುಗಳೂ ಇದ್ದಾರೆ.

ಪರಿಚಿತ ದೇವರು, ಅಪರಿಚಿತ ವೇಷ

ಜಪಾನಿನ ಪುರಾಣವನ್ನು ಮೈಮೇಲೆ ಬಯಸುವ ಭಾರತೀಯನು ಒಂದು ವಿಷಯವನ್ನು ಅರಿತಿರಬೇಕು: ಆ ದೇವತೆಗಳಲ್ಲಿ ಹಲವರು ಭಾರತದಿಂದಲೇ ಹೊರಟುಹೋದವರು. ಜ್ವಾಲೆಗಳ ನಡುವೆ ಬಂಡೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಖಡ್ಗವನ್ನೂ ಇನ್ನೊಂದರಲ್ಲಿ ಪಾಶವನ್ನೂ ಹಿಡಿದು ಕೋರೆಹಲ್ಲು ತೋರುವ ಫುದೊ ಮ್ಯೋಓ ಹೊರಿಮೊನೊ ಕಲೆಗೆ ಬಹು ಪ್ರಿಯನಾದ ದೇವತೆ. ಅವನ ಸಂಸ್ಕೃತ ನಾಮ ‘ಅಚಲ’. ಫುದೊ ಎಂಬುದಕ್ಕೂ ಅದೇ ಅರ್ಥ. ೮೦೬ರಲ್ಲಿ ಚೀನಾದಿಂದ ಮರಳಿದ ಕೂಕಾಯಿ ಎಂಬ ಭಿಕ್ಷುವು ಜಪಾನಿನಲ್ಲಿ ನೆಲೆಗೊಳಿಸಿದ ಮಂತ್ರಯಾನದೊಡನೆ ಇವನ ಆರಾಧನೆಯೂ ಬೇರೂರಿತು. ಅವನ ಬೆನ್ನ ಹಿಂದಿನ ಜ್ವಾಲೆಗೆ ‘ಕರುರ’ ಜ್ವಾಲೆಯೆಂದು ಹೆಸರು; ಕರುರನೆಂದರೆ ಗರುಡ. ಅವನ ಅಕ್ಕಪಕ್ಕದ ಬಾಲಕರು ಕೊಂಗರ ಮತ್ತು ಸೆಯಿತಕ. ಕನ್ನಡಿಗರು ಬಲ್ಲ ಕಿಂಕರ, ಚೇಟಕರೇ ಅವರು. ವೀಣೆಗೆ ಬದಲಾಗಿ ಬಿವಾ ವಾದ್ಯವನ್ನು ಹಿಡಿದ ಬೆಂಜಾಯಿತೆನ್ ದೇವಿಯು ಸಾಕ್ಷಾತ್ ಸರಸ್ವತಿ.

ಎರಡು ಕೊಂಬುಗಳ, ಹೊಳೆಯುವ ಕಣ್ಣುಗಳ ‘ಹನ್ಯಾ’ ಮುಖವಾಡವು ಹಚ್ಚೆಯಂಗಡಿಗಳಲ್ಲಿ ಸರ್ವೇಸಾಮಾನ್ಯ. ಅದನ್ನು ರಾಕ್ಷಸನ ಮುಖವೆಂದು ಭಾವಿಸಿ ಬರೆಯಿಸಿಕೊಳ್ಳುವವರೇ ಹೆಚ್ಚು. ನಿಜವಾಗಿ ಅದು ನೋ ನಾಟಕದಲ್ಲಿ ಅಸೂಯೆಯಿಂದಲೂ ವಿರಹದಿಂದಲೂ ರೂಪಗೆಟ್ಟ ಹೆಣ್ಣಿನ ಮುಖ. ಎದುರಿನಿಂದ ನೋಡಿದರೆ ಕೋಪ. ಸ್ವಲ್ಪ ಕೆಳಗೆ ಬಾಗಿಸಿದರೆ ಅಳು. ಆದುದರಿಂದ ಅದನ್ನು ಮೈಯ ಯಾವ ಭಾಗದಲ್ಲಿ, ಯಾವ ಓರೆಯಲ್ಲಿ ಬರೆಯಿಸುವುದೆಂಬುದರ ಮೇಲೆ ಅದರ ಭಾವವೇ ಬದಲಾಗುತ್ತದೆ. ಹನ್ಯಾ ಎಂಬುದು ಸಂಸ್ಕೃತದ ‘ಪ್ರಜ್ಞಾ’ ಶಬ್ದದ ಜಪಾನೀ ರೂಪ. ಆ ಮುಖವಾಡವನ್ನು ಮೊದಲು ಕೆತ್ತಿದ ಸನ್ಯಾಸಿಯ ಹೆಸರಿನಿಂದ ಅದು ಬಂದಿತೆಂದು ಹೇಳಿಕೆಯಿದೆ.

ನರುತೊವಿನ ಒಂಬತ್ತು ಬಾಲದ ನರಿಗೂ ಹಿಂದಿನ ಜನ್ಮವೊಂದಿದೆ. ಹಳೆಯ ಐತಿಹ್ಯದಂತೆ ಅಂಥದೊಂದು ಮಾಯಾನರಿಯು ಭಾರತದಲ್ಲಿ ಹಂಜೊಕು ರಾಜನ ರಾಣಿಯ ರೂಪದಿಂದಿದ್ದು ಅವನನ್ನು ಕ್ರೌರ್ಯಕ್ಕೆ ತಳ್ಳಿತು. ಈ ಹಂಜೊಕುವೇ ಮಹಾಭಾರತದಲ್ಲಿ ಶಾಪದಿಂದ ನರಭಕ್ಷಕನಾದ ಕಲ್ಮಾಷಪಾದ. ಅನಂತರ ಆ ನರಿ ಜಪಾನಿಗೆ ಬಂದು, ತಮಾಮೊ ಎಂಬ ಸುಂದರಿಯಾಗಿ ಅರಮನೆಯನ್ನು ಹೊಕ್ಕು, ಗುಟ್ಟು ಬಯಲಾದಾಗ ಓಡಿ, ಬೇಟೆಗಾರರ ಬಾಣಕ್ಕೆ ಸಿಕ್ಕಿ ನಾಸು ಎಂಬಲ್ಲಿ ಕೊಲ್ಲುವ ಕಲ್ಲಾಗಿ ಮಾರ್ಪಟ್ಟಿತಂತೆ. ಅದೆಂದು ಪೂಜ್ಯಭಯದಿಂದ ಕಾಣಲಾಗುತ್ತಿದ್ದ ಬಂಡೆಯು ೨೦೨೨ರ ಮಾರ್ಚಿಯಲ್ಲಿ ಎರಡು ಹೋಳಾಗಿ ಬಿದ್ದುದು ಕಂಡುಬಂದಾಗ ಜಪಾನಿನ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿಯಾಗಿಸಿದವು. ಇಷ್ಟೆಲ್ಲ ಕಥೆಯನ್ನು ಬೆನ್ನಿಗೆ ಕಟ್ಟಿಕೊಂಡ ಪ್ರಾಣಿಯನ್ನು ಕೇವಲ ‘ಚೆನ್ನಾಗಿದೆ’ ಎಂದು ಆರಿಸುವವನಿಗೆ ತಾನು ಹೊರುವ ಭಾರ ತಿಳಿದಿರುವುದಿಲ್ಲ.

ಅಪರಾಧಿಯ ಗುರುತು, ರಾಜಕುಮಾರನ ತೋಳು

ಹಚ್ಚೆಯನ್ನು ಇಷ್ಟು ಎತ್ತರಕ್ಕೇರಿಸಿದ ದೇಶವೇ ಅದನ್ನು ಅಷ್ಟೇ ಕಠಿಣವಾಗಿ ತುಳಿದುದು ಇತಿಹಾಸದ ವೈಚಿತ್ರ್ಯ. ಹದಿನೆಂಟನೆಯ ಶತಮಾನದಲ್ಲಿ ಕಳ್ಳರ ತೋಳಿಗೂ, ಕೆಲವು ಸೀಮೆಗಳಲ್ಲಿ ಹಣೆಗೂ, ಶಿಕ್ಷೆಯಾಗಿ ಹಚ್ಚೆಯ ಪಟ್ಟೆಗಳನ್ನು ಹೊಯ್ಯುತ್ತಿದ್ದರು. ಆ ಕಳಂಕವು ಕಲೆಗೂ ತಗುಲಿತು. ಪಾಶ್ಚಾತ್ಯರ ಕಣ್ಣಿಗೆ ತಾವು ಅನಾಗರಿಕರಾಗಿ ಕಾಣಬಾರದೆಂದು ಮೇಜಿ ಸರಕಾರವು ೧೮೭೨ರಲ್ಲಿ ಹಚ್ಚೆಯನ್ನು ನಿಷೇಧಿಸಿತು. ಉತ್ತರದಲ್ಲಿ ಐನು ಹೆಂಗಸರ ಬಾಯ ಸುತ್ತಲಿನ ಹಚ್ಚೆ, ದಕ್ಷಿಣದ ಓಕಿನಾವಾದಲ್ಲಿ ಹೆಂಗಸರ ಕೈಬೆರಳ ಮೇಲಿನ ‘ಹಾಜಿಚಿ’, ಇವೂ ಆ ಕಾಲದ ನಿಷೇಧಗಳಿಗೆ ಬಲಿಯಾದವು. ಕೊರವಂಜಿಯ ಮುಂದೆ ಕೈಯೊಡ್ಡಿ ಹಚ್ಚೆ ಹೊಯ್ಯಿಸಿಕೊಂಡ ಕನ್ನಡ ನಾಡಿನ ಅಜ್ಜಿಯರಿಗೆ ಇಂಥ ಕಾನೂನಿನ ಕಾಟವಿರಲಿಲ್ಲ.

ವಿನೋದವೆಂದರೆ, ಯಾರ ಮುಂದೆ ನಾಚಿಕೆಯೆಂದು ನಿಷೇಧ ಬಂದಿತೋ ಅವರೇ ಹಡಗಿನಿಂದಿಳಿದು ಹಚ್ಚೆಗಾರರ ಬಾಗಿಲು ತಟ್ಟಿದರು. ೧೮೮೧ರಲ್ಲಿ ಜಪಾನಿಗೆ ಬಂದ ಇಂಗ್ಲೆಂಡಿನ ರಾಜಕುಮಾರ ಜಾರ್ಜ್ ತನ್ನ ತೋಳಿನ ಮೇಲೆ ಡ್ರ್ಯಾಗನ್ ಬರೆಯಿಸಿಕೊಂಡನು. ಮುಂದೆ ಐದನೆಯ ಜಾರ್ಜ್ ದೊರೆಯಾಗಿ ೧೯೧೧ರ ದೆಹಲಿ ದರ್ಬಾರಿನಲ್ಲಿ ದೇಶದ ರಾಜಮಹಾರಾಜರಿಂದ ಗೌರವ ಸ್ವೀಕರಿಸಿದವನು ಇವನೇ. ರಾಜವಸ್ತ್ರದ ತೋಳಿನೊಳಗೆ ಆ ಡ್ರ್ಯಾಗನ್ ಮಲಗಿತ್ತು.

೧೯೪೮ರಲ್ಲಿ ನಿಷೇಧ ತೊಲಗಿತು. ಜನರ ಅಳುಕು ತೊಲಗಲಿಲ್ಲ. ಯಕುಜಾ ಎಂಬ ಪಾತಕಿಗಳ ಕೂಟದವರು ಹೊರಿಮೊನೊವನ್ನು ತಮ್ಮ ಲಾಂಛನದಂತೆ ಧರಿಸಿದ್ದರಿಂದ ಹಚ್ಚೆಯೆಂದರೆ ದುಷ್ಟರ ಗುರುತೆಂಬ ಭಾವನೆ ಬೇರೂರಿತು. ೨೦೧೫ರಲ್ಲಿ ಜಪಾನಿನ ಪ್ರವಾಸೋದ್ಯಮ ಇಲಾಖೆಯು ಬಿಸಿನೀರಿನ ಸ್ನಾನಗೃಹಗಳುಳ್ಳ ವಸತಿಗೃಹಗಳನ್ನು ವಿಚಾರಿಸಿದಾಗ, ಉತ್ತರಿಸಿದ ಸುಮಾರು ೬೦೦ ಸಂಸ್ಥೆಗಳಲ್ಲಿ ಶೇಕಡ ೫೬ರಷ್ಟು ಹಚ್ಚೆಯುಳ್ಳವರಿಗೆ ಪ್ರವೇಶವಿಲ್ಲವೆಂದವು. ೨೦೧೩ರಲ್ಲಿ ಹೊಕ್ಕಾಯಿಡೊ ದ್ವೀಪಕ್ಕೆ ಸಮ್ಮೇಳನಕ್ಕೆಂದು ಬಂದಿದ್ದ ನ್ಯೂಜಿಲೆಂಡಿನ ಮಾವೋರಿ ಮಹಿಳೆಯೊಬ್ಬರನ್ನು, ಅವರ ಮುಖದ ಮೇಲಿನ ಕುಲಪರಂಪರೆಯ ಹಚ್ಚೆಯನ್ನು ಕಂಡು, ಸ್ನಾನಗೃಹದ ಬಾಗಿಲಿನಿಂದಲೇ ಹಿಂದಿರುಗಿಸಿದರು. ಜಪಾನಿನ ದೇವತೆಯನ್ನು ತೋಳಿನಲ್ಲಿ ಧರಿಸಿ ಭಕ್ತಿಯಿಂದ ಜಪಾನಿಗೆ ಹೋಗುವ ಅಭಿಮಾನಿಗೂ ಇದೇ ಸ್ವಾಗತ ದೊರೆಯಬಹುದು.

ಅದೇ ೨೦೧೫ರಲ್ಲಿ ಓಸಾಕಾದ ತರುಣ ಹಚ್ಚೆಗಾರನೊಬ್ಬನ ಮೇಲೆ, ವೈದ್ಯಕೀಯ ಪರವಾನಗಿಯಿಲ್ಲದೆ ಚರ್ಮಕ್ಕೆ ಸೂಜಿ ಚುಚ್ಚಿದನೆಂಬ ಆರೋಪ ಬಂದಿತು. ದಂಡ ಕಟ್ಟಿ ಸುಮ್ಮನಾಗಬಹುದಿತ್ತು, ಅವನು ಒಪ್ಪಲಿಲ್ಲ. ೨೦೧೭ರಲ್ಲಿ ಕೆಳಗಿನ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು; ೨೦೧೮ರಲ್ಲಿ ಓಸಾಕಾ ಉಚ್ಚ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು; ೨೦೨೦ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಚ್ಚೆ ಹೊಯ್ಯುವುದು ವೈದ್ಯವೃತ್ತಿಯಲ್ಲವೆಂದು ತೀರ್ಪಿತ್ತಿತು. ಐದು ವರ್ಷಗಳ ಈ ಹೋರಾಟದಿಂದ ಇಡೀ ಕಸುಬೇ ಉಸಿರಾಡುವಂತಾಯಿತು.

೨೦೧೫ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿಯೂ ಒಂದು ಘಟನೆ ನಡೆಯಿತು. ಕಾಲಿನ ಮೇಲೆ ಎಲ್ಲಮ್ಮ ದೇವಿಯ ಹಚ್ಚೆಯಿದ್ದ ಆಸ್ಟ್ರೇಲಿಯದ ವಿದ್ಯಾರ್ಥಿಯೊಬ್ಬನನ್ನು ಉಪಾಹಾರಗೃಹದಲ್ಲಿ ಕೆಲವರು ಸುತ್ತುವರಿದರು; ವಿಷಯ ಪೊಲೀಸ್ ಠಾಣೆಯವರೆಗೆ ಹೋಯಿತು. ಅವನು ಅಭಿಮಾನದಿಂದಲೇ ಬರೆಯಿಸಿಕೊಂಡಿದ್ದನು. ಆದರೆ ಒಬ್ಬರಿಗೆ ಚಿತ್ರವಾದುದು ಇನ್ನೊಬ್ಬರಿಗೆ ದೇವರು. ಅವನಿಗೆ ಕಿರುಕುಳ ಕೊಟ್ಟುದು ಸರಿಯಲ್ಲ. ಆದರೂ ಅಚಲನನ್ನಾಗಲಿ ಬೆಂಜಾಯಿತೆನ್ ದೇವಿಯನ್ನಾಗಲಿ ಕಣಕಾಲಿಗೆ ಬರೆಯಿಸಿಕೊಳ್ಳುವ ಮೊದಲು ಈ ಪ್ರಸಂಗವನ್ನು ನೆನೆಯುವುದು ವಿವೇಕ.

ಇಂದಿನವರು ಯೋಚಿಸಬೇಕಾದದ್ದು

ಅನಿಮೆಯ ಚಿತ್ರವನ್ನು ಚರ್ಮಕ್ಕೆ ತರುವಾಗ ಹಳೆಯ ಗುರುಗಳ ವ್ಯಾಕರಣ ಈಗಲೂ ಉಪಕಾರಿ. ಮಸಿಯು ನಿಲ್ಲುವುದು ಮೇಲ್ಚರ್ಮದ ಕೆಳಗೆ, ಒಂದೆರಡು ಮಿಲಿಮೀಟರ್ ಆಳದಲ್ಲಿ. ವರ್ಷಗಳು ಉರುಳಿದಂತೆ ಗೆರೆಗಳು ಅಗಲವಾಗಿ ಹರಡುತ್ತವೆ. ಅನಿಮೆ ಮುಖದ ಚೆಲುವೆಲ್ಲ ಕಣ್ಣಿನ ಸುತ್ತಲಿನ ಸೂಕ್ಷ್ಮ ರೇಖೆಗಳಲ್ಲಿದೆ. ಅಂಥ ಮುಖವನ್ನು ಎರಡು ಅಂಗುಲದಲ್ಲಿ ಬರೆಯಿಸಿದರೆ ಕಾಲಾಂತರದಲ್ಲಿ ಮಸುಕಾದ ಮಚ್ಚೆಯೊಂದೇ ಉಳಿದೀತು. ದೊಡ್ಡ ಆಕಾರ, ದಪ್ಪ ಗೆರೆ, ಎಡೆಯಲ್ಲಿ ಸಾಕಷ್ಟು ಬರಿಯ ಚರ್ಮ, ಇವು ಚಿತ್ರಕ್ಕೆ ಆಯುಸ್ಸು ಕೊಡುತ್ತವೆ.

ಅಕ್ಷರಗಳ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ನರುತೊ ಕಥೆಯ ಗಾರಾ ಎಂಬ ಹುಡುಗನ ಹಣೆಯ ಮೇಲೆ ‘ಪ್ರೀತಿ’ ಎಂಬ ಜಪಾನೀ ಅಕ್ಷರವಿದೆ. ಯಾರ ಪ್ರೀತಿಯನ್ನೂ ಕಾಣದ ಅವನ ಹಣೆಯಲ್ಲಿ ಅದು ಗಾಯದ ಗುರುತು. ಆ ಲಿಪಿಯಲ್ಲಿ ‘ದೊಡ್ಡದು’ ಎಂಬ ಅಕ್ಷರಕ್ಕೆ ಒಂದು ಚುಕ್ಕೆ ಹೆಚ್ಚಾಗಿ ಬಿದ್ದರೆ ‘ನಾಯಿ’ ಎಂದಾಗುತ್ತದೆ. ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆ ೨೦೧೯ರಲ್ಲಿ ‘ಏಳು ಉಂಗುರ’ ಎಂಬ ತನ್ನ ಹಾಡಿನ ಹೆಸರನ್ನು ಅಂಗೈಯ ಮೇಲೆ ಜಪಾನೀ ಲಿಪಿಯಲ್ಲಿ ಬರೆಯಿಸಿ, ನೋವಿಗೆ ಅಂಜಿ ನಡುವಿನ ಅಕ್ಷರಗಳನ್ನು ಬಿಡಿಸಿದಳು. ಉಳಿದುದನ್ನು ಜಪಾನೀಯರು ಓದಿದಾಗ ‘ಇದ್ದಿಲ ಒಲೆ’ ಎಂದಾಗಿತ್ತು. ಭಾಷೆ ಬಲ್ಲವರೊಬ್ಬರಿಗೆ ಮೊದಲೇ ತೋರಿಸುವುದಕ್ಕೆ ಖರ್ಚೇನೂ ಇಲ್ಲ.

ಆರೋಗ್ಯದ ಮಾತನ್ನೂ ಮರೆಯಲಾಗದು. ಶುಚಿಯಿಲ್ಲದ ಸೂಜಿಯಿಂದ ಕಾಮಾಲೆ ತರುವ ಹೆಪಟೈಟಿಸ್ ರೋಗಾಣುಗಳೂ ಎಚ್.ಐ.ವಿ.ಯೂ ಹರಡಬಹುದು. ಆದುದರಿಂದ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕು. ಮಸಿಯನ್ನು ಹೊಸ ಬಟ್ಟಲಿಗೆ ಸುರಿಯಬೇಕು. ಭಾರತದಲ್ಲಿ ಹಚ್ಚೆ ಹೊಯ್ಯಿಸಿಕೊಂಡವರು ಅಲ್ಲಿಂದ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಬೇಡವಾದ ಹಚ್ಚೆಯನ್ನು ಲೇಸರ್ ಕಿರಣದಿಂದ ತೆಗೆಯಿಸಬಹುದಾದರೂ ಅದಕ್ಕೆ ಹಲವು ಸಲ ಅಲೆಯಬೇಕು. ಕಪ್ಪು ಬೇಗ ಕರಗೀತು, ಹಸಿರು ಹಳದಿಗಳು ಹಟ ಹಿಡಿಯುತ್ತವೆ. ಬರೆಯಿಸುವ ಖರ್ಚಿಗಿಂತ ಅಳಿಸುವ ಖರ್ಚೇ ಹೆಚ್ಚಾಗುವುದುಂಟು.

ಇನ್ನೊಂದು ಮಾತು ಧಾರಾವಾಹಿಗಳ ರುಚಿ ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದು. ಮುಗಿಯದ ಕಥೆಯ ನಾಯಕನನ್ನು ಮೈಮೇಲೆ ಬರೆಯಿಸಿಕೊಳ್ಳುವುದು ಸಾಹಸವೇ ಸರಿ. ಮುಂದಿನ ಕಂತುಗಳಲ್ಲಿ ಅವನು ಖಳನಾಗುವನೋ ಹೇಡಿಯಾಗುವನೋ ಬಲ್ಲವರಾರು? ಕುನಿಯೋಶಿಯ ವೀರರು ಹಚ್ಚೆಗೆ ಒಗ್ಗಿದುದು ಅವರ ಕಥೆ ಶತಮಾನಗಳಿಂದ ಜನರ ಬಾಯಲ್ಲಿ ಹದಗೊಂಡಿದ್ದುದರಿಂದ.

ಮನೆಯಲ್ಲಿ ಇಂಥ ಬಯಕೆ ತಲೆಯೆತ್ತಿದಾಗ ಹಿರಿಯರು ‘ಬೇಡ’ ಎಂದು ಗದರಿಸುವುದರಿಂದ ಹೆಚ್ಚಿನ ಪ್ರಯೋಜನವಾಗದು. ಕಿರಿಯರು ‘ಈಗಲೇ’ ಎಂದು ಹಟ ಹಿಡಿಯುವುದೂ ಜಾಣತನವಲ್ಲ. ಆ ಚಿತ್ರದ ಕಥೆಯನ್ನು ಮನೆಯವರೆಲ್ಲ ಕೂಡಿ ಕೇಳಲಿ. ಅದು ಮೂಡಬೇಕಾದ ಅಳತೆಯಲ್ಲಿಯೇ ಕಾಗದದ ಮೇಲೆ ಬರೆಯಿಸಿ, ದಿನವೂ ಕಾಣುವ ಕಡೆ ಒಂದು ವರ್ಷ ತೂಗುಹಾಕಲಿ. ಹೊರಿಶಿಯ ಕೈಗೆ ಮೈಯೊಡ್ಡಿದ ಎದೊ ನಗರದ ಬಡಗಿಯು ವರ್ಷಗಟ್ಟಲೆ ವಾರವಾರವೂ ನೋವನ್ನು ಸಹಿಸಿ ತನ್ನ ಡ್ರ್ಯಾಗನ್‌ಗಾಗಿ ಕಾದನು. ಒಂದು ವರ್ಷ ಕಾಯಲಾರದ ಮೆಚ್ಚುಗೆಗೆ ಒಂದು ಜನ್ಮದ ಚರ್ಮವನ್ನು ಒಪ್ಪಿಸುವುದು ದುಬಾರಿಯಾದ ವ್ಯಾಪಾರ.